ದಂಡ ಕೇಳಿದ ಭಾವ

ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರು ಸಾಮಾನ್ಯವಾಗಿ ಮೂರು ರೀತಿಯಲ್ಲಿ ವರ್ತಿಸುತ್ತಾರೆ. ಕೆಲವರು ಇರುವ ಜೇಬು, ಇಲ್ಲದ ಜೇಬು ಎಲ್ಲವನ್ನೂ ತಡಕುತ್ತಾರೆ. ಕೆಲವರು ತಾವು ಆ ಬಸ್ಸಿನಲ್ಲೇ ಇಲ್ಲ ಎಂಬಂತೆ ಕಿಟಕಿಯಾಚೆ ನೋಡುತ್ತ ಕೂರುತ್ತಾರೆ. ಇನ್ನು ಕೆಲವರು ಕಂಡಕ್ಟರನ ಮೇಲೆಯೇ ಎಗರಿ ಬೀಳುತ್ತಾರೆ. ನಮ್ಮ ಭಾವನದು ನಾಲ್ಕನೆಯ ರೀತಿ. ದಂಡ ಹಾಕಿ ಎಂದು ಅವರು ಅಧಿಕಾರಿಯ ಜೊತೆ ಜಗಳಕ್ಕೇ ನಿಂತರು. ಹಾಕುವುದಿಲ್ಲ ಎಂದು ಅಧಿಕಾರಿ, ಹಾಕಿಸಿಕೊಳ್ಳದೆ ಬಿಡುವುದಿಲ್ಲ ಎಂದು ಭಾವ. ಈ ನಾಲ್ಕನೆಯ ರೀತಿ ಇದುವರೆಗೆ ಯಾರ ಗಮನಕ್ಕೂ ಬಂದಂತಿಲ್ಲವಾದ್ದರಿಂದ, ಅದರ ಹಿನ್ನೆಲೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವರಿಗೆ ಕೆಲಸ. ಅಂಗಡಿಯವರು ತರುವ ತಕ್ಕಡಿಗಳನ್ನೂ ತೂಕದ ಬಟ್ಟುಗಳನ್ನೂ ಪರೀಕ್ಷಿಸಿ, ಸರಿಯಿದ್ದರೆ ಮುದ್ರೆ ಒತ್ತಬೇಕು. ಹಗಲೆಲ್ಲ ಕೂದಲೆಳೆಯಷ್ಟು ವ್ಯತ್ಯಾಸ ಹುಡುಕುವ ಮನುಷ್ಯ ಸಂಜೆ ಚಪ್ಪಲಿಯ ಜೊತೆಗೆ ಆ ಗುಣವನ್ನೂ ಬಾಗಿಲಾಚೆ ಬಿಟ್ಟು ಬರುತ್ತಾನೆಂದು ನಿರೀಕ್ಷಿಸಲಾಗದು. 'ಇಲ್ಲಿ ಉಗುಳಬಾರದು' ಎಂಬ ಫಲಕದ ಮುಂದೆ ಅವರು ಕೆಮ್ಮಲೂ ಹೆದರುತ್ತಿದ್ದರು. ಕಂಡ ಫಲಕವನ್ನೆಲ್ಲ ಗಟ್ಟಿಯಾಗಿ ಓದುವುದು ಅವರ ಚಟ. ಬಸ್ಸು ಹತ್ತಿದೊಡನೆ ಚಾಲಕನ ಬೆನ್ನ ಹಿಂದಿನ ಫಲಕದತ್ತ ತಿರುಗಿ, "ಟಿಕೆಟ್ ಇಲ್ಲದ ಪ್ರಯಾಣ ಶಿಕ್ಷಾರ್ಹ ಅಪರಾಧ. ದರದ ಹತ್ತರಷ್ಟು ದಂಡ, ಅಥವಾ ಸೆರೆವಾಸ, ಅಥವಾ ಎರಡೂ" ಎಂದು ಓದುತ್ತಿದ್ದರು. 'ಎರಡೂ' ಎನ್ನುವಾಗ ದನಿ ಏರುತ್ತಿತ್ತು. ಟಿಕೆಟ್ ತೆಗೆದುಕೊಂಡವರೂ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರ ದಾರಿಯ ಬಸ್ಸುಗಳಲ್ಲಿ ಅವರಿಗೆ 'ಕಾಯಿದೆ ಸಾಹೇಬ್ರು' ಎಂದೇ ಹೆಸರು.

ಸ್ವತಃ ಸಾಹೇಬರ ಬಳಿ ತಿಂಗಳ ಪಾಸಿತ್ತು. ರಾಜರು ಮುದ್ರೆಯುಂಗುರ ತೋರಿಸುವಂತೆ ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ ಮತ್ತೆ ಜೇಬಿಗೆ ಇಳಿಸುತ್ತಿದ್ದರು. ಯಾವ ಕಂಡಕ್ಟರೂ ಅದನ್ನು ಹತ್ತಿರದಿಂದ ನೋಡುವ ಸಾಹಸ ಮಾಡಿರಲಿಲ್ಲ.

ನಮ್ಮ ಕಟ್ಟಡದ ನಿವಾಸಿಗಳೆಲ್ಲ ಸೇರಿ ಇಂಥವರನ್ನು ಕಾರ್ಯದರ್ಶಿ ಮಾಡಿದ್ದು ತಪ್ಪೋ ಸರಿಯೋ, ನಾನು ಹೇಳಲಾರೆ. ನಾನೂ ಕೈ ಎತ್ತಿದವನೇ. ಅವರು ಅಧಿಕಾರಕ್ಕೆ ಬಂದೊಡನೆ ಕೆಳಗಿನ ಬಾಗಿಲ ಬಳಿ ಒಂದು ಕಪ್ಪು ಹಲಗೆ ಬಂತು. ಕಾರಿಡಾರಿನ ಕಂಬಿಯ ಮೇಲೆ ಬಟ್ಟೆ ಒಣಗಿಸುವಂತಿಲ್ಲ. ಒಣಗಿಸಿದರೆ ಮನೆ ನಂಬರು ಹಲಗೆಯ ಮೇಲೆ. ದಂಡ ಕಟ್ಟುವವರೆಗೆ ಅಳಿಸುವಂತಿಲ್ಲ. ಬಹಳ ದಿನ ಹಲಗೆ ಖಾಲಿಯಾಗಿತ್ತು. ಕೊನೆಗೊಂದು ಬೆಳಿಗ್ಗೆ ಅದರ ಮೇಲೆ ಮೊದಲ ನಂಬರು ಬಿತ್ತು. ಅದು ಅವರದೇ ಮನೆಯದು. ಪಕ್ಕದಲ್ಲಿ ಅಕ್ಕನ ಹೆಸರು. ಅದರ ಮುಂದೆ: 'ವಸ್ತು: ಪಟ್ಟೆ ಪೈಜಾಮ, ಒದ್ದೆ.'

ಕಟ್ಟಡ ತತ್ತರಿಸಿತು. ನಿವೃತ್ತ ಡ್ರಿಲ್ ಮೇಷ್ಟ್ರು ಭಾವನ ಕೈ ಹಿಡಿದು ಕುಲುಕಿದರು.

"ಸ್ವಂತ ಹೆಂಡ್ತಿಗೇ ದಂಡ! ನ್ಯಾಯ ಅಂದ್ರೆ ಇದು ಸಾರ್, ಇದು!"

ಕೆಳಮನೆಯ ನರ್ಸಮ್ಮ ಹಲಗೆಯನ್ನು ಎರಡು ಸಲ ಓದಿ ಕೇಳಿದರು: "ನ್ಯಾಯ ಸರಿ. ಇವತ್ತು ಸಾಹೇಬ್ರಿಗೆ ಊಟ ಎಲ್ಲಿ?"

ಊಟ ಮನೆಯಲ್ಲೇ ಸಿಕ್ಕಿತು. ಮಾತು ಮಾತ್ರ ನಿಂತುಹೋಯಿತು. ಅಕ್ಕ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುವವಳು. ಆ ಯಂತ್ರದ ಸದ್ದಿನ ಮೇಲೂ ಕೇಳುವಂತೆ ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ "ರೀ" ಎನ್ನುತ್ತಿದ್ದಳು. ರೀ, ಕನ್ನಡಕ ಇಲ್ಲಿದೆ. ರೀ, ಹಾಲು ಉಕ್ತಿದೆ ನೋಡಿ. ಆ ಒಂದಕ್ಷರ ನಿಂತಾಗ ಮನೆಗೆ ಬರುವ ನಿಶ್ಶಬ್ದ ಎಂಥದೆಂದು ತಿಳಿಯಬೇಕಾದರೆ ಓಡುತ್ತಿದ್ದ ಗೋಡೆ ಗಡಿಯಾರ ನಿಂತ ಕೋಣೆಯಲ್ಲಿ ಕೂತು ನೋಡಬೇಕು. ಒಂದು ಮಹಡಿ ಕೆಳಗಿದ್ದ ನಾನು ಎರಡು ದೇಶಗಳ ನಡುವಿನ ರಾಯಭಾರಿಯಾದೆ.

"ನಿಮ್ಮ ಭಾವನಿಗೆ ಹೇಳಪ್ಪ, ಊಟಕ್ಕೆ ಬಡಿಸಿದೆ ಅಂತ."

ಭಾವ ಅವಳಿಗೆ ಕೈಗೆಟುಕುವಷ್ಟು ದೂರದಲ್ಲಿ ಕೂತಿದ್ದರು. "ನಿಮ್ಮ ಅಕ್ಕನಿಗೆ ಹೇಳು, ನನಗೆ ಕಿವಿ ಕೇಳುತ್ತೆ ಅಂತ."

"ಕಿವಿ ಕೇಳುತ್ತೆ, ಬುದ್ಧಿಮಾತು ಕೇಳಲ್ಲ ಅಂತ ಹೇಳು."

"ಭಾವ, ಬುದ್ಧಿಮಾತು..."

"ಕೇಳಿಸ್ತು."

"ಅಲ್ಲ ಭಾವ, ಆ ಪೈಜಾಮ ನಿಮ್ಮದೇ ಅಲ್ವಾ?"

"ವಸ್ತು ಯಾರದ್ದು ಅನ್ನೋದು ಮುಖ್ಯ ಅಲ್ಲ. ಒಣಗಿಸಿದ್ದು ಯಾರು ಅನ್ನೋದು ಮುಖ್ಯ. ಕಾಯಿದೆ ಓದಿದ್ದೀಯಾ ನೀನು?"

ಓದಿರಲಿಲ್ಲ. ಅನ್ನ ಕಲಸಿಕೊಂಡೆ.

ಹೀಗೆ ಹೊಗೆಯಾಡುತ್ತಿದ್ದದ್ದು ಹೊಸ ತಿಂಗಳ ಮೊದಲ ದಿನ ಹೊತ್ತಿಕೊಂಡಿತು. ಅಕ್ಕ ಚೀಲ ಕಟ್ಟಿ ನನ್ನನ್ನು ಕರೆದಳು.

"ನಾನು ಮಗಳ ಊರಿಗೆ ಹೋಗ್ತಾ ಇದ್ದೀನಿ. ಆ ಹಲಗೆ ಮೇಲೆ ನನ್ನ ಹೆಸರು ಇರೋವರೆಗೂ ಈ ಮೆಟ್ಟಿಲು ಹತ್ತಲ್ಲ. ಮಗಳ ಮನೇಲೂ ಕಂಬಿ ಇದೆ. ಅಲ್ಲಿ ಯಾರೂ ಬರ್ಕೊಳ್ಳಲ್ಲ."

"ದಂಡ ಕಟ್ಟಿಬಿಟ್ರೆ ಮುಗೀತಲ್ಲ ಅಕ್ಕ? ನಾನೇ ಕಟ್ತೀನಿ."

"ಕಟ್ಟಿದ್ರೆ ತಪ್ಪು ಒಪ್ಕೊಂಡ ಹಾಗಲ್ವೇನೋ!"

ಹೊರಡುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದಳು. ಒಂದು ಬಕೆಟ್ ತುಂಬ ಬಟ್ಟೆ ಒಗೆದು ಕಾರಿಡಾರಿನ ಕಂಬಿಯ ಈ ತುದಿಯಿಂದ ಆ ತುದಿಯವರೆಗೆ ಹರಡಿದಳು. ನಟ್ಟನಡುವೆ ಪಟ್ಟೆ ಪೈಜಾಮ, ವಿಜಯ ಪತಾಕೆಯಂತೆ. ಎದುರುಮನೆ ಬಾಗಿಲುಗಳು ಒಂದೊಂದಾಗಿ ಸಂದಿಯಷ್ಟು ತೆರೆದವು. ಅಷ್ಟರಲ್ಲಿ ಭಾವ ಹೊರಗೆಲ್ಲೋ ಹೋಗಿದ್ದವರು ಮೇಲೆ ಬಂದರು, ನೋಡಿದರು, ಬಾಯಿ ತೆರೆದರು. ಮುಚ್ಚಿದರು. ಬಗ್ಗಿ ಅಕ್ಕನ ಚೀಲ ಎತ್ತಿಕೊಂಡರು.

"ಭಾರ ಇದೆ," ಎಂದರು ನನಗೆ. "ಇಷ್ಟು ಭಾರ ಒಬ್ಬರ ಕೈಲಿ ಎತ್ತಿಸಬಾರದು ಅಂತ ನಿಯಮ ಇದೆ."

"ಯಾವ ನಿಯಮ ಭಾವ?"

"ಇರುತ್ತೆ."

ಹಲಗೆಯ ಮುಖ ನೋಡಬಾರದೆಂದು ಅಕ್ಕ ಹಿಂಬದಿಯ ಮೆಟ್ಟಿಲಿಂದ ಇಳಿದಳು. ಮುಂದೆ ಅವಳು, ಹಿಂದೆ ಚೀಲ ಹೊತ್ತ ಭಾವ, ನಡುವೆ ಯಾರಿಗೂ ಬೇಡವಾದ ನಾನು. ಹೀಗೆ ಬಸ್ ನಿಲ್ದಾಣದ ಕಡೆಯ ಬಸ್ಸು ಹತ್ತಿದೆವು. ಅಲ್ಲಿಂದ ಅವಳು ಮಗಳ ಊರಿನ ಬಸ್ಸು ಹಿಡಿಯಬೇಕು. ಅವಳು ಅದನ್ನು ಹತ್ತಿದರೆ ಆಯಿತು, ಹಿಂದಿರುಗುವುದು ಯಾವ ಕಾಲಕ್ಕೋ. ಅವಳ ಹಟ ನನಗೆ ಗೊತ್ತು. ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಬಸ್ಸು ಕಿಕ್ಕಿರಿದಿತ್ತು. ಅಕ್ಕ ಮುಂದಿನ ಬಾಗಿಲಲ್ಲಿ ಹತ್ತಿದಳು, ಭಾವ ಹಿಂದಿನದರಲ್ಲಿ. ನಾನು ನಡುವಿನ ಕಂಬ ಹಿಡಿದು ನೇತಾಡಿದೆ. ನನ್ನ ಟಿಕೆಟ್ ನಾನೇ ತೆಗೆದುಕೊಂಡೆ. ಯಾರಿಂದ ತೆಗೆಸಿಕೊಂಡರೂ ಇನ್ನೊಬ್ಬರಿಗೆ ದ್ರೋಹ ಮಾಡಿದಂತೆ. ಜನರ ತಲೆಗಳ ಸಂದಿಯಲ್ಲಿ, ಹಿಂದೆ ಭಾವ ಕಂಡಕ್ಟರ ಕಿವಿಯಲ್ಲಿ ಏನೋ ಹೇಳಿ ಒಂದು ಟಿಕೆಟ್ ಪಡೆದು ಜೇಬಿಗಿಟ್ಟುಕೊಂಡದ್ದು ಕಂಡಿತು. ಕಂಡಕ್ಟರು ಮುಂದಕ್ಕೆ ತೂರಿಕೊಂಡು ಹೋದ ಮೇಲೆ ಅಕ್ಕನೂ ಒಂದು ಟಿಕೆಟ್ ಪಡೆದು ಪರ್ಸಿಗೆ ಸೇರಿಸಿದ್ದು ಕಂಡಿತು. ಅವರವರ ಟಿಕೆಟ್ ಅವರವರೇ ತೆಗೆದುಕೊಳ್ಳುವ ಮಟ್ಟಕ್ಕೆ ಸಂಸಾರ ಬಂತಲ್ಲ ಎಂದುಕೊಂಡೆ. ಭಾವನ ಬಳಿ ಪಾಸಿರುವುದು ಆಗ ನನಗೆ ಹೊಳೆಯಲೇ ಇಲ್ಲ. ಕಣ್ಣಾರೆ ಕಂಡದ್ದನ್ನೂ ಪರಾಂಬರಿಸಿ ನೋಡಬೇಕೆಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಬಸ್ ನಿಲ್ದಾಣಕ್ಕೆ ಒಂದೇ ನಿಲುಗಡೆ ಇದೆ ಎನ್ನುವಾಗ ಚೆಕಿಂಗ್ ಅಧಿಕಾರಿ ಹಿಂದಿನ ಬಾಗಿಲಿಂದ ಹತ್ತಿದರು. ನೆಗಡಿಯಿಂದ ಮೂಗು ಕೆಂಪಾಗಿತ್ತು. ಒಂದು ಕೈಯಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಅಧಿಕಾರ.

"ಟಿಕೆಟ್?"

ಭಾವ ಎರಡು ಬೆರಳಲ್ಲಿ ಪಾಸು ಎತ್ತಿದರು. ಅಧಿಕಾರಿ ಅದನ್ನು ಕಿತ್ತುಕೊಂಡು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇದು ನಿನ್ನೆಗೇ ಮುಗಿದಿದೆಯಲ್ರೀ."

"ಪಾಸು ಮುಗಿಯೋದು ಅಂದ್ರೆ?"

ಸುತ್ತಲಿದ್ದವರು ನಕ್ಕರು. ಭಾವ ತಮಾಷೆ ಮಾಡಿರಲಿಲ್ಲ. ಪ್ರತಿ ತಿಂಗಳ ಕೊನೆಗೆ ಅಕ್ಕ ಹೊಲಿದ ಬಟ್ಟೆ ಕೊಡಲು ಹೋದವಳು ಹಾಗೇ ಸಾಲಿನಲ್ಲಿ ನಿಂತು ಹೊಸ ಪಾಸು ಮಾಡಿಸಿ ತಂದು ಅವರ ಅಂಗಿಯ ಜೇಬಿಗೆ ಸೇರಿಸಿಬಿಡುತ್ತಿದ್ದಳು. ಕಾಯಿದೆಯ ಮನುಷ್ಯನಿಗೆ ನಲ್ಲಿಯ ನೀರು ಎಲ್ಲಿಂದ ಬರುತ್ತದೆಂದು ಹೇಗೆ ಯೋಚನೆಯಿರಲಿಲ್ಲವೋ, ಪಾಸಿನ ಬಗ್ಗೆಯೂ ಹಾಗೆಯೇ. ಮದುವೆಯಂತೆ ಅದೂ ಒಮ್ಮೆ ಮಾಡಿಸಿದರೆ ಕೊನೆಯವರೆಗೂ ನಡೆಯುತ್ತದೆ ಎಂದುಕೊಂಡಿದ್ದರು.

"ಹಾಗಾದ್ರೆ," ಎಂದರು ಭಾವ, ಮುಖ ಸುಣ್ಣವಾಗಿ, "ನಾನು ಟಿಕೆಟ್ ಇಲ್ಲದ ಪ್ರಯಾಣಿಕ."

"ಮತ್ತೆ ಜೇಬಲ್ಲಿ ಇಣುಕ್ತಾ ಇರೋದು ಏನು?"

"ಟಿಕೆಟ್."

"ಯಾವತ್ತಿಂದು?"

"ಇವತ್ತಿಂದೇ. ಈ ಬಸ್ಸಿಂದೇ."

"ಅಯ್ಯೋ, ಅದನ್ನ ಮೊದಲೇ ಹೇಳಬಾರದೇನ್ರೀ!" ಅಧಿಕಾರಿ ಸೀನಿ, ಪಾಸು ಹಿಂದಿರುಗಿಸಿ ಮುಂದೆ ಹೆಜ್ಜೆಯಿಟ್ಟರು. ಭಾವ ಅವರ ತೋಳು ಹಿಡಿದರು.

"ನಿಲ್ಲಿ ಸಾರ್. ಇದು ನನ್ನದಲ್ಲ. ನನ್ನ ಹೆಂಡತಿಯದು. ಅವಳು ಮುಂದಿದ್ದಾಳೆ."

"ಟಿಕೆಟ್ ಮೇಲೆ ಹೆಸರು ಬರೆದಿದೆಯಾ?"

"ಟಿಕೆಟ್ ಮೇಲಿಲ್ಲ. ತಗೊಳ್ಳುವಾಗ ನನ್ನ ಮನಸ್ಸಲ್ಲಿತ್ತು."

"ಅವರದಾದ್ರೆ ಅವರಿಗೆ ಯಾಕೆ ಕೊಡಲಿಲ್ಲ?"

"ಕೊಟ್ರೆ ಮಾತಾಡಿಸಿದ ಹಾಗಾಗುತ್ತೆ. ನಾವು ಮಾತಾಡ್ತಾ ಇಲ್ಲ."

ಅಧಿಕಾರಿ ಕರವಸ್ತ್ರವನ್ನು ಮೂಗಿನ ಬಳಿಯೇ ತಡೆದು ಹಿಡಿದರು. ಹೂಕುಂಡ ಅಪ್ಪಿಕೊಂಡು ನಿಂತಿದ್ದ ಹೆಂಗಸೊಬ್ಬರು ಎಲೆಗಳ ಸಂದಿಯಿಂದ ತಲೆ ಹೊರಹಾಕಿದರು. "ಟಿಕೆಟ್ ತಗೊಳ್ಳೋಷ್ಟು ಪ್ರೀತಿ ಇದ್ರೆ, ಎರಡು ಮಾತಾಡೋಕೆ ಏನು ಕಷ್ಟ?"

"ಅದೆಲ್ಲ ಮನೇಲಿ ಮಾತಾಡ್ಕೊಳ್ಳಲಿ," ಎಂದ ಊಟದ ಡಬ್ಬಿ ಹಿಡಿದ ಯುವಕ. "ನಮಗೆ ಹೊತ್ತಾಯ್ತು. ದಂಡ ಹಾಕಿ ಬಿಡಿ ಸಾರ್."

"ಯಾಕೆ ಹಾಕ್ತಾರೆ? ಟಿಕೆಟ್ ಇದೆಯಲ್ಲ!"

"ಅವರೇ ತಮ್ಮದಲ್ಲ ಅಂತಿದ್ದಾರಲ್ಲ!"

ಬಸ್ಸಿನಲ್ಲಿ ಎರಡು ಪಕ್ಷಗಳಾದವು. ಚಾಲಕ ಎಂಜಿನ್ ಆರಿಸಿ ಕುತ್ತಿಗೆ ತಿರುಗಿಸಿ ಕೂತ. ಕಂಡಕ್ಟರು ಓಡಿಬಂದರು. ಪಾಸು ನೋಡದೆ ಬಿಟ್ಟದ್ದಕ್ಕೆ ಮೊದಲು ಅವರ ತಲೆಗೇ ಬರುತ್ತದೆ.

"ಸಾರ್, ಇವರು ಕಾಯಿದೆ ಸಾಹೇಬ್ರು. ಇವರ ಪಾಸು ನೋಡೋಕೆ ಹೋದ್ರೆ ಇಳಿಯೋವರೆಗೂ ಕಾಯಿದೆ ಕೇಳಬೇಕು. ಅದಕ್ಕೇ..."

"ಇವರದೇನೂ ತಪ್ಪಿಲ್ಲ," ಎಂದರು ಭಾವ. "ನಾನು ಗೌರವದಿಂದ ತೋರಿಸಿದೆ, ಇವರು ಗೌರವದಿಂದ ನೋಡಲಿಲ್ಲ. ದಂಡ ನನಗೆ ಹಾಕಿ."

"ರೀ ಸ್ವಾಮಿ," ಅಧಿಕಾರಿಯ ತಾಳ್ಮೆ ನೆಗಡಿಯ ಜೊತೆ ಸೋರುತ್ತಿತ್ತು, "ನನ್ನ ಸರ್ವೀಸಿನಲ್ಲಿ ದಂಡ ಬೇಡ ಅಂತ ಅತ್ತವರನ್ನ ನೋಡಿದ್ದೀನಿ, ಕಿಟಕಿಯಿಂದ ಹಾರಿದವರನ್ನ ನೋಡಿದ್ದೀನಿ. ಬೇಕು ಅಂತ ಹಟ ಹಿಡಿದವರನ್ನ ನೋಡಿಲ್ಲ. ಕೈಲಿರೋ ಟಿಕೆಟ್ ನಿಮ್ಮದು. ಮುಗೀತು. ಈಗ ಮುಂದೆ ಹೋಗಿ ನಿಮ್ಮ ಮನೆಯವರ ಟಿಕೆಟ್ ಕೇಳ್ತೀನಿ."

ಭಾವ ಚೀಲ ಕೆಳಗಿಟ್ಟು ಎರಡೂ ಕೈಗಳಿಂದ ದಾರಿಗೆ ಅಡ್ಡ ನಿಂತರು.

"ಬೇಡ ಸಾರ್! ಅವಳ ಹತ್ರ ಇರಲ್ಲ. ನಾನು ತಗೊಳ್ತೀನಿ ಅಂತ ಸುಮ್ಮನಿರ್ತಾಳೆ. ಇದನ್ನ ನನ್ನದು ಅಂದುಬಿಟ್ರೆ ದಂಡ ಅವಳಿಗೆ ಬೀಳುತ್ತೆ." ಅವರ ದನಿ ಇಳಿಯಿತು. "ಅವಳಿಗೆ ಒಂದು ಸಲ ದಂಡ ಹಾಕಿಯಾಗಿದೆ ಸಾರ್. ನಾನೇ ಹಾಕಿದ್ದು. ಹಾಕಬಾರದಿತ್ತು. ಪೈಜಾಮ ನನ್ನದು."

ಹೂಕುಂಡದ ಎಲೆಗಳು ಮತ್ತೆ ಸರಿದವು.

"ಯಾವ ಪೈಜಾಮ?" ಎಂದರು ಹೂಕುಂಡದವರು.

ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಕೈಯಿಂದ ಕೈಗೆ ಸಾಗುವಂತೆ ಸುದ್ದಿಯೂ ಸಾಗುತ್ತದೆ. "ಹೆಂಡ್ತಿಗೆ ದಂಡ ಬೀಳಬಾರದಂತೆ", "ತಾನೇ ಕಟ್ತಾರಂತೆ", "ಪೈಜಾಮ ಅವರದೇ ಅಂತೆ" ಎನ್ನುತ್ತ ಬಾಯಿಂದ ಬಾಯಿಗೆ ಅದು ಮುಂದಿನ ಸೀಟುಗಳತ್ತ ಹೊರಟದ್ದನ್ನು ನಾನು ಕಂಬ ಹಿಡಿದೇ ನೋಡಿದೆ.

"ಎರಡೂ ಹಾಕಿ ಸಾರ್," ಎಂದರು ಭಾವ.

"ಏನು ಎರಡು?"

"ಫಲಕದಲ್ಲಿದೆಯಲ್ಲ. ದಂಡ, ಅಥವಾ ಸೆರೆವಾಸ, ಅಥವಾ ಎರಡೂ." ಈ ಸಲ 'ಎರಡೂ' ಎನ್ನುವಾಗ ದನಿ ಏರಲಿಲ್ಲ. "ಅವಳು ಊರಿಗೆ ಹೊರಟಿದ್ದಾಳೆ. ಮನೇಲಿ ಒಬ್ಬನೇ ಇರೋದೂ ಒಂದೇ, ಅಲ್ಲಿ ಇರೋದೂ ಒಂದೇ."

ಅಧಿಕಾರಿ ಏನೋ ಹೇಳಲು ಬಾಯಿ ತೆರೆದರು. ಸೀನು ಬಂತು. ಅವರು ಸೀನಿ ಮುಗಿಸುವುದರೊಳಗೆ ಜನ ಎರಡು ಭಾಗವಾದರು, ಅಕ್ಕ ಬಂದಳು. ಮುಡಿ ಅರ್ಧ ಬಿಚ್ಚಿತ್ತು, ಕೈಯಲ್ಲಿ ತೆರೆದ ಪರ್ಸಿತ್ತು.

"ಸಾರ್, ಇವರ ಟಿಕೆಟ್ ಇಲ್ಲಿದೆ."

ಅವಳು ಭಾವನ ಕಡೆ ನೋಡಲಿಲ್ಲ. ಅಧಿಕಾರಿಗೇ ಹೇಳಿದಳು: "ಪಾಸು ಮುಗಿದಿದೆ ಅಂತ ನನಗೆ ಗೊತ್ತಿತ್ತು. ಕೋಪದಲ್ಲಿ ಮಾಡಿಸಲಿಲ್ಲ. ಸಿಕ್ಕಿಬೀಳಲಿ, ಬುದ್ಧಿ ಬರುತ್ತೆ ಅಂತಿದ್ದೆ. ಬಸ್ಸು ಹತ್ತಿದ ಮೇಲೆ ಮನಸ್ಸು ತಡೀಲಿಲ್ಲ. ನಾಲ್ಕು ಜನರ ಎದುರು ತಲೆ ತಗ್ಗಿಸೋ ಜೀವ ಅಲ್ಲ ಸಾರ್ ಅದು."

"ಹಾಗಾದ್ರೆ ನಿಮ್ಮ ಟಿಕೆಟ್ ಎಲ್ಲಮ್ಮ?"

"ಅವರ ಜೇಬಲ್ಲಿದೆ."

"ಅವರು ತಗೊಂಡಿರ್ತಾರೆ ಅಂತ ಹೇಗೆ ಗೊತ್ತು? ಮಾತಾಡ್ತಾ ಇಲ್ಲ ಅಂದ್ರು."

"ಮಾತು ಬಿಟ್ಟಿದ್ದೀವಿ ಅಷ್ಟೆ ಸಾರ್," ಎಂದಳು ಅಕ್ಕ. "ಇಷ್ಟು ವರ್ಷದಲ್ಲಿ ನನ್ನ ಟಿಕೆಟ್ ನಾನು ಯಾವತ್ತು ತಗೊಂಡಿದ್ದೀನಿ?"

ಅಧಿಕಾರಿ ಎರಡೂ ಟಿಕೆಟ್‌ಗಳನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದರು. ಇಬ್ಬರು ಮನುಷ್ಯರು, ಎರಡು ಟಿಕೆಟ್. ಲೆಕ್ಕ ಸರಿಯಿತ್ತು. ದಂಡದ ಪಕ್ಷದವನಾಗಿದ್ದ ಊಟದ ಡಬ್ಬಿಯ ಯುವಕನೇ ಮೊದಲು ಚಪ್ಪಾಳೆ ತಟ್ಟಿದ. ಭಾವ ಮಾತ್ರ ಗಂಟಲು ಸರಿಮಾಡಿಕೊಂಡರು.

"ಆದ್ರೂ ಸಾರ್, ಸೂಕ್ಷ್ಮವಾಗಿ ನೋಡಿದ್ರೆ, ಪ್ರಯಾಣ ಮಾಡುವಾಗ ನನ್ನ ಟಿಕೆಟ್ ಇದೆ ಅಂತ ನನಗೆ ಗೊತ್ತಿರಲಿಲ್ಲ. ಆದ್ದರಿಂದ ಅಪರಾಧದ ಅಂಶ..."

"ರೀ."

ನಿಂತ ಗಡಿಯಾರ ಮತ್ತೆ ಟಿಕ್ ಎಂದಿತು.

"ಬಾಯಿ ಮುಚ್ಕೊಂಡು ನಿಂತ್ಕೊಳ್ರೀ. ಅವರಿಗೆ ಪಾಪ ನೆಗಡಿ."

ಭಾವ ಬಾಯಿ ಮುಚ್ಚಿಕೊಂಡು ನಿಂತರು. ಬೈಸಿಕೊಂಡ ಮುಖ ಅಷ್ಟು ಬೆಳಗಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಧಿಕಾರಿ ಅವಳದನ್ನು ಅವಳಿಗೆ, ಅವರದನ್ನು ಅವರಿಗೆ ಕೊಟ್ಟು, ಕಂಡಕ್ಟರಿಗೆ "ಇನ್ಮೇಲೆ ಗೌರವ ಕಮ್ಮಿ ಮಾಡಿ, ಪಾಸು ನೋಡಿ" ಎಂದು ಹೇಳಿ ಇಳಿದುಹೋದರು.

ನಿಲ್ದಾಣದಲ್ಲಿ ಇಳಿದಾಗ ಮಗಳ ಊರಿನ ಬಸ್ಸು ಎದುರಿಗೇ ನಿಂತಿತ್ತು. ಹಣೆಯ ಮೇಲೆ ಊರಿನ ಹೆಸರು ಮೊಳದುದ್ದದ ಅಕ್ಷರಗಳಲ್ಲಿತ್ತು. ಕ್ಲೀನರ್ ಅದೇ ಹೆಸರನ್ನು ಬಾಗಿಲಲ್ಲಿ ನೇತಾಡುತ್ತ ಕೂಗುತ್ತಿದ್ದ. ಭಾವ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, ಅಭ್ಯಾಸಬಲದಿಂದ ನನ್ನತ್ತ ತಿರುಗಿದರು.

"ನಿಮ್ಮ ಅಕ್ಕನಿಗೆ ಹೇಳು, ಬೆಳಿಗ್ಗೆನೇ ಹಲಗೆ ತಿದ್ದಿದ್ದೀನಿ ಅಂತ. ಅವಳ ಹೆಸರು ತೆಗೆದು 'ತಪ್ಪಿತಸ್ಥ: ಪೈಜಾಮದ ಒಡೆಯ' ಅಂತ ಹಾಕಿದ್ದೀನಿ. ದಂಡಾನೂ ಕಟ್ಟಾಯ್ತು."

"ಅದನ್ನ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?" ಎಂದಳು ಅಕ್ಕ, ನನ್ನನ್ನು ಒಂದು ಪಕ್ಕಕ್ಕೆ ಸರಿಸಿ.

"ಹಲಗೆ ಇರೋದೇ ಓದಲಿ ಅಂತ ಕಣೇ. ನೀನು ಹಿಂದಿನ ಮೆಟ್ಟಿಲಲ್ಲಿ ಇಳಿದುಬಿಟ್ಟೆ."

ಅಕ್ಕ ಬಹಳ ಹೊತ್ತು ಎದುರಿನ ಬಸ್ಸನ್ನು ನೋಡಿದಳು. ಸೂಜಿಗೆ ದಾರ ಪೋಣಿಸಲು ಇಂದಿಗೂ ಕನ್ನಡಕ ಬೇಡದ ಕಣ್ಣು ಅವಳದು.

"ಇದು ನಮ್ಮ ಹುಡುಗಿ ಊರಿಗೆ ಹೋಗೋ ಬಸ್ಸಲ್ಲ ಅನ್ಸುತ್ತೆ," ಎಂದಳು.

ನಾನು ಭಾವನ ಮುಖ ನೋಡಿದೆ. ಕಂಡ ಫಲಕವನ್ನೆಲ್ಲ ಗಟ್ಟಿಯಾಗಿ ಓದುವ ಮನುಷ್ಯ. ಅವರು ಕತ್ತೆತ್ತಿ ಬಸ್ಸಿನ ಹಣೆಯನ್ನು ನೋಡಿದರು. ತುಟಿಗಳು ಮೊದಲ ಅಕ್ಷರಕ್ಕೆ ಸಿದ್ಧವಾದವು. ಆಮೇಲೆ ಅವರು ನಿಧಾನವಾಗಿ ಕನ್ನಡಕ ತೆಗೆದು, ಮಡಿಸಿ, ಜೇಬಿಗಿಟ್ಟುಕೊಂಡರು.

"ನನಗೂ ಅಲ್ಲ ಅನ್ಸುತ್ತೆ."

"ನಾಳೆ ನಾಡಿದ್ದು ನೋಡೋಣ. ಬಟ್ಟೆ ಬೇರೆ ಹಾಕಿ ಬಂದಿದ್ದೀನಿ, ಒಣಗಿರುತ್ತೆ."

"ಇನ್ನೂ ಒಣಗಿರಲ್ಲ," ಎಂದರು ಭಾವ, ಕಂಬಿಯ ಕಾಯಿದೆ ಬರೆದ ಕಾರ್ಯದರ್ಶಿ. "ಪೈಜಾಮದ ಸೊಂಟದ ಹತ್ರ ದಪ್ಪ ಬಟ್ಟೆ. ಸಂಜೆವರೆಗೂ ಇರಲಿ ಬಿಡು."

ಹಿಂದಿರುಗುವ ಬಸ್ಸು ಅದೇ, ಕಂಡಕ್ಟರೂ ಅವರೇ. ನೂಕುನುಗ್ಗಲಲ್ಲಿ ಅಕ್ಕ ಮತ್ತೆ ಮುಂದೆ ಸಿಕ್ಕಿಕೊಂಡಳು, ಭಾವ ಮತ್ತೆ ಹಿಂದೆ. ನಾನು ನನ್ನ ಹಳೆಯ ಕಂಬಕ್ಕೆ ಮರಳಿದೆ. ಹಿಂದಿನಿಂದ "ಎರಡು!" ಎಂಬ ದನಿ ಕೇಳಿತು. ಸ್ವಲ್ಪ ಹೊತ್ತಿಗೆ ಮುಂದಿನಿಂದಲೂ "ಎರಡು ಕೊಡಿ" ಎಂದು ಕೇಳಿತು. ಕಂಡಕ್ಟರು ಒಮ್ಮೆ ಹಿಂದೆ ನೋಡಿದರು, ಒಮ್ಮೆ ಮುಂದೆ ನೋಡಿದರು, ಮತ್ತೆರಡು ಹರಿದು ಕೊಟ್ಟರು.

"ರೀ, ಟಿಕೆಟ್ ತಗೊಂಡ್ರಾ?" ಅಕ್ಕನ ಕೂಗು ಇಡೀ ಬಸ್ಸಿನ ತಲೆಗಳ ಮೇಲಿಂದ ಹಾದುಬಂತು.

"ತಗೊಂಡೆ ಕಣೇ, ಇಬ್ಬರಿಗೂ! ನೀನು?"

"ನಾನೂ ಇಬ್ಬರಿಗೂ ತಗೊಂಡೆ!"

ಚಾಲಕನ ಬೆನ್ನ ಹಿಂದಿನ ಫಲಕವನ್ನು ನಾನು ಮೊದಲ ಬಾರಿಗೆ ಗಮನವಿಟ್ಟು ಓದಿದೆ. ಒಬ್ಬರಿಗೆ ಒಂದೂ ಟಿಕೆಟ್ ಇಲ್ಲದಿದ್ದರೆ ಏನು ಮಾಡಬೇಕೆಂದು ಅದರಲ್ಲಿ ವಿವರವಾಗಿ ಬರೆದಿತ್ತು. ಇಬ್ಬರಿಗೆ ನಾಲ್ಕು ಇದ್ದರೆ ಏನೆಂದು ಒಂದಕ್ಷರವೂ ಇರಲಿಲ್ಲ. ಓದಿ ಮುಗಿಸಿದ ಮೇಲೆ ಹೊಳೆಯಿತು, ಈ ಗದ್ದಲದಲ್ಲಿ ನಾನು ನನ್ನ ಟಿಕೆಟ್ ತೆಗೆದುಕೊಳ್ಳುವುದನ್ನೇ ಮರೆತಿದ್ದೆ. ಹೆದರಲಿಲ್ಲ. ಆ ದಿನ, ಆ ಬಸ್ಸಿನಲ್ಲಿ, ನಮ್ಮ ಮನೆಯವರಿಗೆ ಟಿಕೆಟ್ಟಿನ ಕೊರತೆಯೇನೂ ಇರಲಿಲ್ಲ.